ನೆಟ್‌ವರ್ಕ್ ಕೆಲಸಕ್ಕ ಹೊಂಟವರು ಯಾವ ಪರೀಕ್ಷೆ ಮೊದಲು ಕಟ್ಟಬೇಕು?
(ವಾರ್ಷಿಕೋತ್ಸವದ ಸಭೆಯಲ್ಲಿ ಆಡಿದ ಮಾತು)



ನಮ್ಮ ಅಕ್ಕಲಕೋಟ ಭಾಗದಿಂದ ಐಟಿಐ, ಡಿಪ್ಲೊಮಾ, ಬಿ.ಎಸ್ಸಿ. ಮುಗಿಸಿದ ಹುಡುಗರು ಪುಣೆಗೆ ಹೋಗತಾರ. ಅಲ್ಲಿ ಕ್ಲಾಸಿನವರು, 'ಸಿಸಿಎನ್‌ಎ, ಸಿಸಿಎನ್‌ಪಿ, ಸಿಸಿಐಇ ಮೂರೂ ಕೂಡಿ ಒಂದೇ ಪ್ಯಾಕೇಜ್, ನೌಕರಿ ಗ್ಯಾರಂಟಿ' ಅಂತಾರ. ಊರಾಗ ಅವ್ವನ ಬೋರಮಾಳ ಒತ್ತಿ ಬೀಳತದ. ಹಂಗ ಆಗಬಾರದು ಅಂತ ಈ ನಾಲ್ಕು ಮಾತು.

ಈ ಸರ್ಟಿಫಿಕೇಟ್ ವಿಶ್ವವಿದ್ಯಾಲಯದ ಪದವಿ ಅಲ್ಲ. ರೂಟರ್, ಸ್ವಿಚ್ ಮಾಡೋ ಸಿಸ್ಕೊದಂಥ ಕಂಪನಿಗಳು ಪರೀಕ್ಷೆ ಇಟ್ಟು ಕೊಡೋ ಪತ್ರ. ಹಂಗಂತ ಬ್ಯಾಡ ಅನ್ನಬ್ಯಾಡ್ರಿ. ಕಂಪನಿಗಳಲ್ಲಿ ಎಷ್ಟೋ ಜಾಗ ಪರಿಚಯದ ಮೇಲೆ ತುಂಬತಾವು. ನಮ್ಮ ಮಕ್ಕಳಿಗೆ ಒಳಗೆ ಮಾವನೂ ಇಲ್ಲ, ಕಾಕಾನೂ ಇಲ್ಲ. ಪರಿಚಯ ಇಲ್ಲದವನ ಅರ್ಜಿ ಒಬ್ಬರಾದರೂ ತೆಗೆದು ಓದಬೇಕಾದರ ಈ ಪತ್ರ ಬೇಕಾಗತದ.

ಆದರೆ ಒಂದೊಂದೇ ಮೆಟ್ಟಲಾ ಹತ್ತಬೇಕು. ಸಿಸ್ಕೊದ ಲೆಕ್ಕದಾಗ ಸಿಸಿಎನ್‌ಎಗೆ ಒಂದು ವರ್ಷ, ಸಿಸಿಎನ್‌ಪಿಗೆ 3ರಿಂದ 5 ವರ್ಷ, ಸಿಸಿಐಇಗೆ 5ರಿಂದ 7 ವರ್ಷದ ಅನುಭವ ಇದ್ದರೆ ಒಳ್ಳೇದು. ಇದು ಸಲಹೆ ಅಷ್ಟೇ. ಅನುಭವ ಇಲ್ಲದವರೂ ಪರೀಕ್ಷೆಗೆ ಕೂಡಬಹುದು. ಆ ಸಡಿಲನ್ನೇ ಹಿಡಿದು ಪ್ಯಾಕೇಜ್ ಮಾರತಾರ. ಸಿಸಿಐಇ ಪ್ರಾಯೋಗಿಕ ಪರೀಕ್ಷೆ 8 ತಾಸಿನದು. ಒಂದು ದಿನವೂ ನೌಕರಿ ಮಾಡದವರಿಗೆ ಅದರ ಪಾಠಕ್ಕೆ ಇವತ್ತೇ ಯಾಕೆ ರೊಕ್ಕ ಕಟ್ಟಬೇಕು? ಇನ್ನೊಂದು ಮಾತು: ಪಾಸಾದ ಪತ್ರ 3 ವರ್ಷ ಮಾತ್ರ ನಡೀತದ. ನೌಕರಿ ಸಿಗೋ ಮೊದಲೇ ಕೂಡಿಸಿಟ್ಟರೆ ಪೆಟ್ಟಿಗೆಯಾಗೇ ಅದರ ಅವಧಿ ಮುಗೀತದ.

ಸಿಸಿಎನ್‌ಎ ಈಗ ಒಂದೇ ಪರೀಕ್ಷೆ, 120 ನಿಮಿಷ. ಫೀ 300 ಡಾಲರ್. ತೆರಿಗೆ ಕೂಡಿ ಸುಮಾರು ಮೂವತ್ತು ಸಾವಿರ ರೂಪಾಯಿ. ನಪಾಸಾದರೆ ಮತ್ತೆ ಅಷ್ಟೇ ಕಟ್ಟಬೇಕು. ಅದಕ್ಕೆ ರೊಕ್ಕವನ್ನು ಪರೀಕ್ಷೆಗೆ ಉಳಿಸ್ರಿ, ಪಾಠ ಪುಕ್ಕಟೆ ಕಲೀರಿ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಜಾಲತಾಣದಲ್ಲಿ ಪುಕ್ಕಟೆ ಪಾಠಗಳಿವೆ. ಪ್ಯಾಕೆಟ್ ಟ್ರೇಸರ್ ಅನ್ನೋ ಅವರದೇ ಸಾಫ್ಟ್‌ವೇರ್ ಕೂಡ ಪುಕ್ಕಟೆ; ಸಾದಾ ಕಂಪ್ಯೂಟರಿನಲ್ಲೇ ರೂಟರ್, ಸ್ವಿಚ್ ಜೋಡಿಸಿ ನೋಡಬಹುದು.

ಪರೀಕ್ಷೆ ಇಂಗ್ಲಿಷಿನಲ್ಲಿ, ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಅಂಜಬ್ಯಾಡ್ರಿ. ಅಲ್ಲಿ ಮತ್ತೆ ಮತ್ತೆ ಬರೋದು ಅವೇ ಶಬ್ದಗಳು, ಉಳಿದದ್ದು ಲೆಕ್ಕ. /26 ಅಂದರೆ 64 ವಿಳಾಸ. ಮೊದಲಿನದು, ಕೊನೆಯದು ಬಿಟ್ಟು ಯಂತ್ರಗಳಿಗೆ ಸಿಗೋದು 62. ಇಂಥ ಲೆಕ್ಕ ದಿನಾ ಹತ್ತು ಬಿಡಿಸಿದರೆ ಎರಡು ತಿಂಗಳಾಗ ಕೈ ಕೂಡತದ.

'ಡಂಪ್ಸ್' ಅಂತ ಕದ್ದ ಪ್ರಶ್ನೆ-ಉತ್ತರ ಮಾರತಾರ. ಮುಟ್ಟಬ್ಯಾಡ್ರಿ. ಸಿಕ್ಕಿಬಿದ್ದರೆ ಪತ್ರವೇ ರದ್ದಾಗಬಹುದು. ಸಿಗದಿದ್ದರೂ ಸಂದರ್ಶನದಾಗ ಎರಡನೇ ಪ್ರಶ್ನೆಗೇ ಬಾಯಿ ಕಟ್ಟತದ. ಬೇರೆಯವರ ಮಗ ತಡವರಿಸಿದರೆ ಅವನೊಬ್ಬನೇ ದಡ್ಡ. ನಮ್ಮವ ತಡವರಿಸಿದರೆ 'ಇವರೆಲ್ಲ ಹಿಂಗೇ' ಅಂತಾರ. ನಿಮ್ಮ ಹಿಂದೆ ಬರೋ ತಂಗಿ-ತಮ್ಮಂದಿರನ್ನು ನೆನಪಿಡ್ರಿ.

ಸಿಸಿಎನ್‌ಎ ಆದಮೇಲೆ ಸಣ್ಣದಿದ್ದರೂ, ರಾತ್ರಿ ಪಾಳಿ ಇದ್ದರೂ ನೌಕರಿ ಹಿಡೀರಿ. ಆ ಕಂಪನಿಯಾಗ ಯಾವ ಯಂತ್ರ ಅದಾವು ನೋಡ್ರಿ. ಸಿಸ್ಕೊ ಇದ್ದರೆ ಸಿಸಿಎನ್‌ಪಿ, ಜುನಿಪರ್ ಇದ್ದರೆ ಜೆಎನ್‌ಸಿಐಎ, ಫೋರ್ಟಿನೆಟ್ ಇದ್ದರೆ ಅದರದು, ಕ್ಲೌಡ್ ಕೆಲಸ ಇದ್ದರೆ ಎಡಬ್ಲ್ಯುಎಸ್. ಮುಂದಿನ ದಾರಿ ಆ ಕೆಲಸವೇ ತೋರಸತದ. ಪಾಸಾದರೆ ಫೀ ಮರಳಿ ಕೊಡೋ ಕಂಪನಿಗಳೂ ಅದಾವು. ಸಿಸಿಎನ್‌ಪಿಗೆ ಎರಡು ಪರೀಕ್ಷೆ. ಅದರಾಗ ಒಂದು ಪಾಸಾದರೂ ಸಿಸಿಎನ್‌ಎ ಮತ್ತೆ 3 ವರ್ಷಕ್ಕ ಊರ್ಜಿತ ಆಗತದ.

ನಡುವೆ ನಿಂತು ದುಡಿದು ಮತ್ತೆ ಓದೋದು ಸೋಲಲ್ಲ. ಬಾಬಾಸಾಹೇಬರು 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಬಂದರು. 1918ರಲ್ಲಿ ಮುಂಬೈಯ ಸಿಡನಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ರೊಕ್ಕ ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯನ ಕೈಗಡ ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೋದರು. 1923ರಲ್ಲಿ ಡಿ.ಎಸ್ಸಿ. ಪದವಿ ಪಡೆದರು.

ನೆರವು ಕೊಡೋ ಆ ಕೆಲಸ ಇವತ್ತು ಮಂಡಳದ್ದು. ವಾಚನಾಲಯದಾಗ ಒಂದು ಕಂಪ್ಯೂಟರ್ ಇದಕ್ಕಂತಲೇ ಇಡೋಣ. ಪಾಸಾದವರು ರಜಕ್ಕೆ ಬಂದಾಗ ಎರಡು ತಾಸು ಕಲಿಸಲಿ. ವರ್ಷಕ್ಕೆ ಒಬ್ಬರ ಪರೀಕ್ಷೆ ಫೀಗಾದರೂ ಎಲ್ಲರೂ ವರ್ಗಣಿ ಹಾಕೋಣ. ಪುಣೆಯ ಬಾರ್ಟಿ ಸಂಸ್ಥೆಯಲ್ಲಿ ಪರಿಶಿಷ್ಟ ಜಾತಿಯವರಿಗೆ ಯಾವ ತರಬೇತಿ ನಡೆದದ ಅಂತ ಪ್ರತಿ ವರ್ಷ ವಿಚಾರಿಸೋಣ. ನೀವು ಮಾತ್ರ ಎಲ್ಲಿಯೇ ಆಗಲಿ ಸಹಿ ಹಾಕೋ ಮೊದಲು ಇಲ್ಲಿ ಬಂದು ಒಂದು ಮಾತು ಕೇಳ್ರಿ.

ಜೈ ಭೀಮ್.