ಜೋಡಿ ದುರ್ಬೀನು ಮತ್ತು ನಮ್ಮ ಮಳೆ ನಕ್ಷತ್ರಗಳು

(ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾರ್ಖಾನೆ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮದ್ದೂರಿನಲ್ಲಿ ಮಾಡಿದ ಭಾಷಣ)



ಕೃತ್ತಿಕೆ ಮಳೆ, ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ನಾವೆಲ್ಲ ಹೇಳುತ್ತೇವೆ. ಕಬ್ಬಿನ ಗದ್ದೆ ಬಿಟ್ಟು ಕಾರ್ಖಾನೆ ಸೇರಿದವನ ಬಾಯಲ್ಲೂ ಇದೇ ಲೆಕ್ಕ. ಸಂತೆಯಲ್ಲಿ ಬೆಲ್ಲ ಮಾರುವವನ ಬಾಯಲ್ಲೂ ಇದೇ ಲೆಕ್ಕ. ಆದರೆ ಕೃತ್ತಿಕೆ ಎಲ್ಲಿದೆ, ರೋಹಿಣಿ ಯಾವುದು ಎಂದು ಕೇಳಿದರೆ ಆಕಾಶದ ಕಡೆ ಬೆರಳು ತೋರಿಸಬಲ್ಲವರು ಎಷ್ಟು ಮಂದಿ? ಹೆಸರು ನಮ್ಮಲ್ಲಿ ಉಳಿದಿದೆ, ನಕ್ಷತ್ರ ಕೈಬಿಟ್ಟು ಹೋಗಿದೆ. ಅದನ್ನು ಮತ್ತೆ ನಮ್ಮದು ಮಾಡಿಕೊಳ್ಳಲು ದೊಡ್ಡ ವೇಧಶಾಲೆ ಬೇಕಿಲ್ಲ, ಒಂದು ಜೋಡಿ ದುರ್ಬೀನು ಸಾಕು. ಇದಿಷ್ಟೇ ನಾನು ಹೇಳಬೇಕೆಂದಿರುವುದು.

ರೋಹಿಣಿ ಮಳೆ ಎಂದರೆ ಸೂರ್ಯನು ರೋಹಿಣಿಯ ನೇರಕ್ಕೆ ಬರುವ ಕಾಲ. ಮೇ ಕೊನೆ, ಜೂನ್ ಮೊದಲು. ಆಗ ಆ ನಕ್ಷತ್ರ ಸೂರ್ಯನ ಜೊತೆಯಲ್ಲೇ ಹುಟ್ಟಿ ಮುಳುಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳು ಕಳೆದ ಮೇಲೆ, ಡಿಸೆಂಬರಿನಲ್ಲಿ, ಹೊತ್ತು ಮುಳುಗಿದ ನಂತರ ಮೂಡಲ ದಿಕ್ಕಿಗೆ ನೋಡಿ. ಸಣ್ಣ ಗೊಂಚಲಿನಂತೆ ಕಾಣುವುದು ಕೃತ್ತಿಕೆ. ಅದರ ಕೆಳಗೆ ಕೆಂಪಗೆ ಹೊಳೆಯುವುದು ರೋಹಿಣಿ.

ಇನ್ನು ಉಪಕರಣದ ಮಾತು. ದುರ್ಬೀನಿನ ಮೇಲೆ ೭×೫೦, ೧೦×೫೦ ಎಂದು ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ಮಾಡಿ ತೋರಿಸುತ್ತದೆಂಬ ಲೆಕ್ಕ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು ೭ ಮಿಲಿಮೀಟರು ಅರಳುತ್ತದೆ. ೫೦ ಮಿಲಿಮೀಟರಿನ ಗಾಜು ಅದರ ೫೦ ಪಾಲು ಬೆಳಕು ಹಿಡಿಯುತ್ತದೆ. ಆಕಾಶ ನೋಡುವವನಿಗೆ ಬೆಳಕೇ ಮುಖ್ಯ. ೨೦ ಪಟ್ಟು, ೩೦ ಪಟ್ಟು ಎಂದು ಕೂಗಿ ಮಾರುವ ಮಾಲಿಗೆ ಮರುಳಾಗಬೇಡಿ. ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಹಳೆಯದನ್ನು ಕೊಳ್ಳುವಾಗ ದೂರದ ದೀಪವೊಂದನ್ನು ನೋಡಿ. ಒಂದೇ ದೀಪ ಎರಡಾಗಿ ಕಂಡರೆ ಅದು ಕೆಟ್ಟ ಮಾಲು, ಹಿಂದಕ್ಕೆ ಕೊಡಿ.

ನೋಡುವ ಕ್ರಮ ಹೀಗೆ. ಬಲಗಣ್ಣು ಮುಚ್ಚಿ, ನಡುವಿನ ತಿರುಗಣೆಯಿಂದ ಎಡಗಣ್ಣಿಗೆ ಸರಿಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಬಳೆಯನ್ನು ತಿರುಗಿಸಿ ಬಲಗಣ್ಣಿಗೆ ಸರಿಮಾಡಿ. ಮೊಣಕೈಗಳನ್ನು ಗೋಡೆಗೆ ಊರಿ, ಇಲ್ಲವೆ ಹಗ್ಗದ ಮಂಚದ ಮೇಲೆ ಅಂಗಾತ ಮಲಗಿ. ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬೇಕು. ಒಂದು ಮಾತನ್ನು ಮಾತ್ರ ಮರೆಯಬೇಡಿ: ದುರ್ಬೀನಿನಲ್ಲಿ ಸೂರ್ಯನನ್ನು ಎಂದೂ ನೋಡಬಾರದು. ಒಂದು ಕ್ಷಣದಲ್ಲಿ ಕಣ್ಣು ಹೋದೀತು. ಮಕ್ಕಳ ಕೈಗೆ ಹಗಲು ಹೊತ್ತಿನಲ್ಲಿ ಕೊಡಲೇಬೇಡಿ.

ಹೀಗೆ ನೋಡಿದರೆ ಏನು ಕಾಣುತ್ತದೆ? ಬರಿಗಣ್ಣಿಗೆ ಆರಾಗಿದ್ದ ಕೃತ್ತಿಕೆ ಹತ್ತಾರು ನಕ್ಷತ್ರಗಳಾಗುತ್ತದೆ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಸುಮಾರು ೪೪೦ ವರ್ಷ ಹಿಡಿದಿದೆ. ಅಷ್ಟಮಿಯ ಚಂದ್ರನಲ್ಲಿ ಬೆಳಕು ಕತ್ತಲೆ ಕೂಡುವ ಅಂಚಿನ ಗುಂಡಿಗಳು ಎದ್ದು ತೋರುತ್ತವೆ. ಗುರುಗ್ರಹದ ಪಕ್ಕದಲ್ಲಿ ಸಾಲಾಗಿ ಸಣ್ಣ ಚುಕ್ಕಿಗಳಿರುತ್ತವೆ. ೧೬೧೦ರ ಜನವರಿಯಲ್ಲಿ ಇಟಲಿಯ ಗೆಲಿಲಿಯೋ ಕಂಡ ಚಂದ್ರರು ಅವೇ. ಎಲ್ಲವೂ ಭೂಮಿಯನ್ನೇ ಸುತ್ತುತ್ತದೆ ಎಂಬ ಹಳೆಯ ಮಾತನ್ನು ಅಲುಗಿಸಿದ್ದು ಆ ಚುಕ್ಕಿಗಳು.

ಶನಿಯನ್ನೂ ನೋಡಿ. ಬಳೆ ಕಾಣಲು ದೊಡ್ಡ ದೂರದರ್ಶಕ ಬೇಕು. ನಮ್ಮ ದುರ್ಬೀನಿಗೆ ಅದೊಂದು ಹಳದಿ ಚುಕ್ಕಿ. ಸೂರ್ಯನಿಂದ ಸುಮಾರು ೧೪೩ ಕೋಟಿ ಕಿಲೋಮೀಟರು ದೂರದಲ್ಲಿ ತನ್ನ ಪಾಡಿಗೆ ತಾನು ಸುತ್ತುತ್ತಿದೆ. ವ್ಯಾಪಾರ ಬಿದ್ದರೆ ಅದರ ಕಾಟವೆಂದು ಸಾಲ ಮಾಡಿ ಶಾಂತಿ ಮಾಡಿಸುವವರಿದ್ದಾರೆ. ಅವರಿಗೆ ಬುದ್ಧಿ ಹೇಳುವುದು ಬೇಡ. ಒಂದು ರಾತ್ರಿ ಕರೆತಂದು ತೋರಿಸಿ. ಕಂಡದ್ದಕ್ಕೆ ಭಯ ಕಡಿಮೆ.

ಇದೆಲ್ಲ ದೊಡ್ಡವರ ಹವ್ಯಾಸ ಎನ್ನಬೇಡಿ. ಇಂಗ್ಲೆಂಡಿನ ಪೀಟರ್‌ಬರೋ ಕಡೆಯ ಜಾರ್ಜ್ ಆಲ್ಕಾಕ್ ಎಂಬುವರು ಶಾಲಾ ಮಾಸ್ತರು. ಸಾವಿರಾರು ನಕ್ಷತ್ರಗಳ ಜಾಗವನ್ನು ಬಾಯಿಪಾಠ ಮಾಡಿದ್ದರು. ದುರ್ಬೀನು ಹಿಡಿದು ೧೯೫೯ರ ಆಗಸ್ಟಿನಲ್ಲಿ ಒಂದು ವಾರದೊಳಗೆ ಎರಡು ಧೂಮಕೇತು ಕಂಡುಹಿಡಿದರು. ೧೯೮೩ರ ಮೇ ತಿಂಗಳಲ್ಲಿ ಮನೆಯೊಳಗಿಂದ ಕಿಟಕಿ ಗಾಜಿನ ಮೂಲಕವೇ ಇನ್ನೊಂದನ್ನು ಕಂಡರು. ಅದನ್ನು ಜಪಾನಿನ ಅರಾಕಿ ಎಂಬುವರೂ, ಒಂದು ಉಪಗ್ರಹವೂ ಕಂಡಿದ್ದರಿಂದ ಮೂರು ಹೆಸರೂ ಅದಕ್ಕೆ ಸೇರಿದವು. ಕೋಟಿಗಟ್ಟಲೆ ಬೆಲೆಯ ಉಪಗ್ರಹದ ಸಾಲಿನಲ್ಲಿ ಒಬ್ಬ ಮಾಸ್ತರು!

ನಮಗಿರುವ ತೊಂದರೆ ಬೇರೆ, ಅದು ಬೀದಿ ಬೆಳಕು. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದಲೇ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು. ಬೆಳಕು ಬೇಕು, ಆದರೆ ಅದು ನೆಲಕ್ಕೆ ಬೀಳಲಿ. ಆಕಾಶಕ್ಕೆ ಚೆಲ್ಲಿದ ಬೆಳಕು ಯಾರಿಗೂ ದಕ್ಕದು, ಅದರ ಬಿಲ್ಲು ಮಾತ್ರ ನಮಗೆ. ದೀಪಕ್ಕೆ ಮೇಲೊಂದು ಮುಚ್ಚಳ ಹಾಕಿಸಿರೆಂದು ನಗರಸಭೆ, ಪುರಸಭೆಗಳನ್ನು ಕೇಳುವ ಹಕ್ಕು ನಮಗಿದೆ. ಅಲ್ಲಿಯವರೆಗೆ ಮಂಡ್ಯದವರು ನಾಲೆ ಬಯಲಿನ ಹಳ್ಳಿಗಳ ಕಡೆ ಹೋಗಿ, ಮದ್ದೂರಿನವರು ಹೆದ್ದಾರಿಯಿಂದ ದೂರ ಸರಿಯಿರಿ, ಮಳವಳ್ಳಿಯವರು ಊರ ಹೊರಗಿನ ಹೊಲಕ್ಕೆ ಬನ್ನಿ. ಹುಳುಹುಪ್ಪಟೆಯ ಭಯವಿದೆ, ಬ್ಯಾಟರಿಗೆ ಕೆಂಪು ಕಾಗದ ಸುತ್ತಿ ಒಯ್ಯಿರಿ.

ಒಬ್ಬನಿಗೆ ದುರ್ಬೀನು ದುಬಾರಿಯಾದೀತು. ಒಂದು ಪಾಳಿಯ ಹತ್ತು ಜನ, ಒಂದು ಬೀದಿಯ ಹತ್ತು ಅಂಗಡಿ ಸೇರಿ ಚೀಟಿ ಹಾಕಿದರೆ ಭಾರವಲ್ಲ. ವಾರಕ್ಕೊಂದು ಮನೆಯಂತೆ ತಿರುಗಲಿ. ಹೆಂಗಸರು, ಮಕ್ಕಳು ಎಲ್ಲರೂ ನೋಡಲಿ. ಕೃತ್ತಿಕೆಯಲ್ಲಿ ಎಷ್ಟು ಎಣಿಸಿದಿರೆಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ರೋಹಿಣಿ ಮಳೆ ಬಿದ್ದಾಗ ನಿಮ್ಮ ಮಗು, "ಅಪ್ಪಾ, ಆ ನಕ್ಷತ್ರ ನಾನು ನೋಡಿದ್ದೀನಿ" ಎನ್ನಬೇಕು.