ಮೊದಲು ನಮ್ಮನ್ನು ನಾವು ಅರಿಯೋಣ

(ನಮ್ಮ ಸಂಸ್ಥೆಯ ವಾರ್ಷಿಕ ನಿಧಿಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



"ನಾಯಕತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದು ಸಮಿತಿಯವರು ಫೋನ್ ಮಾಡಿದಾಗ ನನಗೆ ನಗು ಬಂತು. ನಾನು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಸಾಫ್ಟ್‌ವೇರ್ ಇಂಜಿನಿಯರ್. ದೊಡ್ಡ ನಾಯಕನೇನಲ್ಲ. ಆದರೆ ಯೋಚಿಸಿ ನೋಡಿದರೆ ಇಲ್ಲಿರುವ ಎಲ್ಲರೂ ಒಂದಲ್ಲ ಒಂದು ಕಡೆ ನಾಯಕರೇ. ಆಫೀಸಿನಲ್ಲಿ ನಾಲ್ಕು ಜನರ ಟೀಮ್ ನಡೆಸುವವರು, ಶನಿವಾರ ಮಕ್ಕಳಿಗೆ ಕನ್ನಡ ಕಲಿಸುವವರು, ಮುನ್ನೂರು ಜನರಿಗೆ ಬಿಸಿಬೇಳೆ ಬಾತ್ ಮಾಡಿಸುವವರು, ಮನೆಯಲ್ಲಿ ಮಕ್ಕಳನ್ನು ಬೆಳೆಸುವವರು, ಎಲ್ಲರ ಹಿಂದೆಯೂ ನಾಲ್ಕು ಜನ ನಡೆಯುತ್ತಾರೆ. ಹಾಗಾಗಿ ಮುಂದೆ ನಡೆಯುವವರಿಗೆ ತಮ್ಮ ಬಗ್ಗೆ ತಮಗೆ ಎಷ್ಟು ಗೊತ್ತು ಎಂಬ ವಿಷಯವನ್ನೇ ಇವತ್ತು ತೆಗೆದುಕೊಂಡಿದ್ದೇನೆ.

1955ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್, ಒಂದು ಸರಳವಾದ ಚಿತ್ರ ಬರೆದರು. ಅದರ ಹೆಸರು 'ಜೋಹರಿ ಕಿಟಕಿ'. ನಮ್ಮ ಕಿವಿಗೆ ಇದು ಯಾರೋ ವಜ್ರದ ವ್ಯಾಪಾರಿಯ ಹೆಸರಿನಂತೆ ಕೇಳಿಸುತ್ತದೆ. ನಿಜವಾಗಿ ಅದು ಇಬ್ಬರ ಮೊದಲ ಹೆಸರುಗಳನ್ನು ಸೇರಿಸಿ ಮಾಡಿದ್ದು. ಈ ಕಿಟಕಿಗೆ ನಾಲ್ಕು ಮನೆಗಳು. ಒಂದರಲ್ಲಿ ನಮ್ಮ ಬಗ್ಗೆ ನಮಗೂ ಪರರಿಗೂ ಗೊತ್ತಿರುವ ಸಂಗತಿ. ಇನ್ನೊಂದರಲ್ಲಿ ನಮಗೆ ಮಾತ್ರ ಗೊತ್ತಿದ್ದು ನಾವು ಬಚ್ಚಿಟ್ಟಿರುವುದು. ಮತ್ತೊಂದರಲ್ಲಿ ಯಾರಿಗೂ ಗೊತ್ತಿಲ್ಲದ್ದು. ಉಳಿದ ಮನೆಯೇ ಅಪಾಯದ ಮನೆ: ಎಲ್ಲರಿಗೂ ಗೊತ್ತು, ನಮಗೊಬ್ಬರಿಗೇ ಗೊತ್ತಿಲ್ಲ!

ಈ ಕುರುಡುತನ ಎಷ್ಟಿರಬಹುದು? 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಡನಿಂಗ್ ಮತ್ತು ಜಸ್ಟಿನ್ ಕ್ರೂಗರ್ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ತರ್ಕ, ವ್ಯಾಕರಣ ಇತ್ಯಾದಿಗಳಲ್ಲಿ ಪರೀಕ್ಷೆ ಕೊಟ್ಟು, "ನೀವು ಹೇಗೆ ಮಾಡಿದ್ದೀರಿ?" ಎಂದು ಅವರನ್ನೇ ಕೇಳಿದರು. ನೂರು ಜನರ ಸಾಲಿನಲ್ಲಿ ಕೆಳಗಿನಿಂದ ಸುಮಾರು 12ನೆಯ ಸ್ಥಾನದಲ್ಲಿದ್ದವರು ತಾವು 62ನೆಯ ಸ್ಥಾನದಲ್ಲಿದ್ದೇವೆ ಎಂದುಕೊಂಡಿದ್ದರು. ನಮ್ಮ ಹಿರಿಯರು ಇದನ್ನೇ ಬೇರೆ ರೀತಿ ಹೇಳುತ್ತಿದ್ದರು: ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದರಂತೆ.

ಈಗ ನನ್ನ ಎಲೆಯ ಹೆಗ್ಗಣದ ಕಥೆ ಹೇಳುತ್ತೇನೆ.

2016ರಲ್ಲಿ ನಮ್ಮ ಶಾಲಾ ಯೋಜನೆಯ ಹೊಣೆ ನನ್ನ ಮೇಲಿತ್ತು. ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹತ್ತು ಕಂಪ್ಯೂಟರ್ ಕೊಡುವುದೆಂದು ನಾನೇ ನಿರ್ಧರಿಸಿದೆ. ಸಭೆಯಲ್ಲಿ ಒಬ್ಬ ಹಿರಿಯರು, "ಶಾಲೆಯವರನ್ನು ಒಂದು ಮಾತು ಕೇಳಿದ್ದೀರೇನಪ್ಪಾ?" ಅಂದರು. ನಾನು ನಕ್ಕು, "ನಾನೂ ಹಳ್ಳಿ ಶಾಲೆಯಲ್ಲೇ ಓದಿದವನು ಅಂಕಲ್, ನನಗೆ ಗೊತ್ತು" ಅಂದೆ. ಎಲ್ಲರೂ ನಕ್ಕರು. ನೀವೆಲ್ಲ ಧಾರಾಳವಾಗಿ ದುಡ್ಡು ಕೊಟ್ಟಿರಿ. ಕಂಪ್ಯೂಟರ್ ಮುಂದೆ ಮಕ್ಕಳು ನಿಂತಿದ್ದ ಫೋಟೋವನ್ನು ಇದೇ ರೀತಿಯ ಸಮಾರಂಭದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿ ಚಪ್ಪಾಳೆ ತೆಗೆದುಕೊಂಡವನು ನಾನೇ.

2018ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಆ ಶಾಲೆಗೂ ಹೋದೆ. ಹತ್ತೂ ಕಂಪ್ಯೂಟರುಗಳು ಬಟ್ಟೆ ಹೊದ್ದು ಒಂದು ಕೋಣೆಯಲ್ಲಿ ಕೂತಿದ್ದವು. ಆಯುಧಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಇನ್ನೂ ಹಾಗೆಯೇ ಇತ್ತು. ಶಾಲೆಯ ಹೊತ್ತಿನಲ್ಲಿ ಕರೆಂಟ್ ಇರುತ್ತಿದ್ದದ್ದೇ ಕಡಿಮೆ, ಬ್ಯಾಟರಿಗಳು ಒಂದು ವರ್ಷದೊಳಗೇ ಕೆಟ್ಟಿದ್ದವು, ಕಲಿಸಲು ಮೇಷ್ಟ್ರಿರಲಿಲ್ಲ. ಹಿತ್ತಲಿನಲ್ಲಿ ಹೆಣ್ಣುಮಕ್ಕಳ ಶೌಚಾಲಯ. ಬಾಗಿಲು ಮುರಿದಿತ್ತು, ನೀರಿರಲಿಲ್ಲ. ಏಳನೇ ತರಗತಿಯ ಕೆಲವು ಹುಡುಗಿಯರು ತಿಂಗಳಲ್ಲಿ ನಾಲ್ಕೈದು ದಿನ ಶಾಲೆಗೇ ಬರುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ತಗ್ಗಿದ ದನಿಯಲ್ಲಿ ಹೇಳಿದರು. ಇಬ್ಬರು ಬಿಟ್ಟೇ ಬಿಟ್ಟಿದ್ದರಂತೆ.

"ಮೊದಲೇ ಯಾಕೆ ಹೇಳಲಿಲ್ಲ ಮೇಡಂ?" ಎಂದೆ.

"ನೀವು ಕೊಟ್ಟಿದ್ದು ಛಲೋನ ಐತಿ ಸರ. ಆದ್ರ ನಮಗ ಏನ್ ಬೇಕಂತ ನೀವು ಕೇಳಲೇ ಇಲ್ಲಲ್ರೀ" ಅಂದರು. ಸಿಟ್ಟಿನಿಂದಲ್ಲ, ಚಹಾ ಕೊಡುತ್ತಾ.

ಬಂಧುಗಳೇ, ಬಳಸುವವರನ್ನು ಕೇಳದೆ ಒಂದು ಸಾಲು ಪ್ರೋಗ್ರಾಂ ಕೂಡ ಬರೆಯಬೇಡಿ ಎಂದು ಆಫೀಸಿನಲ್ಲಿ ಕಿರಿಯರಿಗೆ ಪಾಠ ಹೇಳುವವನು ನಾನು. ಆ ಶಾಲೆಯ ವಿಷಯದಲ್ಲಿ ನಾನೇ ಅದನ್ನು ಮರೆತಿದ್ದೆ. ಕೊಡುವ ಕೈ ಮೇಲಿರುವಾಗ ಕೆಳಗಿನ ಕೈ ನಮಗೆ ಕಾಣುವುದೇ ಇಲ್ಲ. ಕಾಣಿಸಿದರೂ ಅದು ಮಾತಾಡುವುದಿಲ್ಲ, ಏಕೆಂದರೆ ಮುಂದಿನ ವರ್ಷದ ಸಹಾಯ ತಪ್ಪೀತೆಂಬ ಭಯ. ನಾಯಕನ ಕುರುಡು ಮನೆ ದೊಡ್ಡದಾಗುವುದು ಹೀಗೆಯೇ. ಸ್ಥಾನ ಮೇಲೇರಿದಂತೆ ನಮಗೆ ನಿಜ ಹೇಳುವವರು ಕಡಿಮೆಯಾಗುತ್ತಾರೆ.

2019ರಲ್ಲಿ ನಿಮ್ಮ ಹಣದಿಂದಲೇ ಆ ಶೌಚಾಲಯಕ್ಕೆ ಬಾಗಿಲು, ನೀರಿನ ಟ್ಯಾಂಕ್, ನಲ್ಲಿ ಬಂದವು. ಎಲ್ಲವನ್ನೂ ಶಾಲೆಯ ಎಸ್‌ಡಿಎಂಸಿಯ ತಾಯಂದಿರು ಹೇಳಿದಂತೆಯೇ ಮಾಡಿಸಿದೆವು. ಕಂಪ್ಯೂಟರುಗಳು ಹತ್ತಿರದ ಪ್ರೌಢಶಾಲೆಗೆ ಹೋದವು. ಆದರೆ ಶಾಲೆ ಬಿಟ್ಟ ಆ ಇಬ್ಬರು ಹುಡುಗಿಯರು ಮರಳಿ ಬರಲಿಲ್ಲ. ಅದು ನನ್ನ ಲೆಕ್ಕಕ್ಕೆ ಸೇರಿದ್ದು.

ಅಂದಿನಿಂದ ನಾನು ಮೂರು ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು, "ನನಗೆ ಗೊತ್ತು" ಎಂಬ ಮಾತು ಬಾಯಿಗೆ ಬಂದಾಗ ಅದನ್ನು ನುಂಗಿ, "ಸ್ವಲ್ಪ ಹೇಳಿ" ಎನ್ನುವುದು. ಎರಡು, ಸಭೆಯಲ್ಲಿ ನನ್ನ ಅಭಿಪ್ರಾಯವನ್ನು ಕೊನೆಯಲ್ಲಿ ಹೇಳುವುದು. ಮುಂದಾಳು ಮೊದಲೇ ಮಾತಾಡಿದರೆ ಉಳಿದವರು ತಲೆಯಾಡಿಸುತ್ತಾರೆ ಅಷ್ಟೆ. ಮೂರು, ತಿಂಗಳಿಗೊಮ್ಮೆ ನನ್ನ ಮೇಲೆ ಯಾವ ಹಂಗೂ ಇಲ್ಲದವರನ್ನು, "ನಾನು ಎಲ್ಲಿ ಎಡವುತ್ತಿದ್ದೇನೆ?" ಎಂದು ಕೇಳುವುದು, ಕೇಳಿದ ಮೇಲೆ ಸಮಜಾಯಿಷಿ ಕೊಡದೆ ಸುಮ್ಮನಿರುವುದು. ಮೂರನೆಯದು ತುಂಬಾ ಕಷ್ಟ. ಕಳೆದ ಬಾರಿ ನನ್ನ ಮಗಳನ್ನೇ ಕೇಳಿದೆ. "ಅಪ್ಪಾ, ನಾನು ಮಾತಾಡುವಾಗ ನೀನು ಹೂಂ ಅಂತೀಯ, ಆದರೆ ಕಣ್ಣು ಫೋನ್ ಮೇಲಿರುತ್ತೆ" ಅಂದಳು. ಸಮಜಾಯಿಷಿ ನಾಲಿಗೆಯ ತುದಿಯವರೆಗೂ ಬಂದಿತ್ತು!

ಕೊನೆಯದಾಗಿ ಒಂದು ಬಾಕಿ ಇದೆ. ಅಂದು ಸಭೆಯಲ್ಲಿ ಆ ಪ್ರಶ್ನೆ ಕೇಳಿದ ಹಿರಿಯರು ಇವತ್ತು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅಂಕಲ್, ಅಂದು ಎಲ್ಲರೆದುರು ನಿಮ್ಮ ಮಾತಿಗೆ ನಕ್ಕಿದ್ದೆ. ಇವತ್ತು ಎಲ್ಲರೆದುರೇ ಕ್ಷಮೆ ಕೇಳುತ್ತೇನೆ.

ಮತ್ತೆ ನಿಮ್ಮೆಲ್ಲರಲ್ಲಿ ಒಂದು ಬಿನ್ನಹ. ಈ ವರ್ಷವೂ ಕೈತುಂಬ ಕೊಡಿ. ಚೆಕ್ ಬರೆಯುವಾಗ ನಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳಿ: "ಅಲ್ಲಿಯವರನ್ನು ಕೇಳಿದ್ದೀರಾ?" ಆ ಪ್ರಶ್ನೆಯೂ ನೀವು ಕೊಡುವ ದೇಣಿಗೆಯೇ.