ಕುದುರೆ ಲದ್ದಿಯಲ್ಲಿ ಯಾರಿದ್ದಾರೆ?

ಜಾತ್ರೆಯಲ್ಲೋ ಮದುವೆ ಮೆರವಣಿಗೆಯಲ್ಲೋ ಕುದುರೆ ಕಂಡರೆ ಮೈ ಸವರಬೇಕು ಅನ್ನಿಸುತ್ತೆ, ಅಲ್ವಾ ಮಕ್ಕಳೇ? ಯಜಮಾನರನ್ನು ಕೇಳಿ ಸವರಿ. ಹಾಗೆಯೇ, ಅದು ಹಾಕಿ ಹೋದ ಲದ್ದಿಯನ್ನೂ ಒಮ್ಮೆ ನೋಡಿ. ಮೂಗು ಮುಚ್ಚಿಕೊಂಡಾದರೂ ಸರಿ!

ಕುದುರೆಮರಿಯ ಸಣ್ಣಕರುಳಿನಲ್ಲಿ ಪ್ಯಾರಾಸ್ಕಾರಿಸ್ ಎಂಬ ಬಿಳಿ ಜಂತುಹುಳು ಬೆಳೆಯುತ್ತದೆ. ಹೆಣ್ಣುಹುಳು ಅರ್ಧ ಮೀಟರ್‌ವರೆಗೂ ಉದ್ದವಾದೀತು. ನೋಡಲು ಭಯ, ಆದರೆ ನಮ್ಮ ಹೊಟ್ಟೆ ಅದಕ್ಕೆ ಒಗ್ಗುವುದಿಲ್ಲ. 1883ರಲ್ಲಿ ಬೆಲ್ಜಿಯಂನ ಎಡ್ವರ್ಡ್ ವಾನ್ ಬೆನೆಡೆನ್ ಇದೇ ಹುಳುವಿನ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮರಿಗೆ ತಾಯಿಯಿಂದಲೂ ತಂದೆಯಿಂದಲೂ ಸಮಸಂಖ್ಯೆಯ ವರ್ಣತಂತುಗಳು ಬರುತ್ತವೆಂದು ತೋರಿಸಿದರು. ಹುಳುವಿಗೂ ಒಂದು ನಮಸ್ಕಾರ ಹೇಳಬೇಕು.

ನಮಗೆ ತೊಂದರೆ ಕೊಡಬಲ್ಲವರು ಕಣ್ಣಿಗೇ ಕಾಣದ ಪುಟಾಣಿಗಳು: ಕ್ರಿಪ್ಟೋಸ್ಪೊರಿಡಿಯಮ್, ಜಿಯಾರ್ಡಿಯಾ. ಕ್ರಿಪ್ಟೋಸ್ಪೊರಿಡಿಯಮ್ ಗಟ್ಟಿ ಚಿಪ್ಪಿನೊಳಗೆ ಕೂತು ಲದ್ದಿಯ ಜೊತೆ ಹೊರಬರುತ್ತದೆ. ಸುಮಾರು ಇನ್ನೂರನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್! ಬಾಯಿಗೆ ಹೋದರೆ ಭೇದಿ, ಹೊಟ್ಟೆನೋವು. ಕುದುರೆಮರಿಯಲ್ಲೂ ಕರುವಿನಲ್ಲೂ ಇದು ಇರಬಹುದು. ನಮ್ಮ ಕಡೆ ಕುದುರೆಗಿಂತ ಕೊಟ್ಟಿಗೆಯ ಕರುಗಳೇ ಹೆಚ್ಚು ಬಿಡಿ.

ಇವನ್ನು ಹುಡುಕುವುದು ಹೇಗೆ? ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಪಶುವೈದ್ಯರಾಗಲು ಓದುವವರು ಕಲಿಯುವ ಒಂದು ಪರೀಕ್ಷೆ ಹೀಗೆ: ಸ್ವಲ್ಪ ಲದ್ದಿಯನ್ನು ಗಾಢ ಉಪ್ಪುನೀರಿನಲ್ಲಿ ಕಲಸಿ, ಸೋಸಿ, ಕೊಳವೆಯ ಅಂಚಿನವರೆಗೂ ತುಂಬುತ್ತಾರೆ. ಮೇಲೊಂದು ತೆಳು ಗಾಜಿನ ಚೂರು. ಗಾಢ ಉಪ್ಪುನೀರಿಗೆ ಹಾಕಿದ ಕೋಳಿಮೊಟ್ಟೆ ತೇಲುವಂತೆ ಹುಳುಗಳ ಮೊಟ್ಟೆಗಳೂ ಮೇಲೆದ್ದು ಗಾಜಿಗೆ ಅಂಟಿಕೊಳ್ಳುತ್ತವೆ. ಹತ್ತು ಹದಿನೈದು ನಿಮಿಷ ಬಿಟ್ಟು ಗಾಜನ್ನು ಎತ್ತಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಕ್ರಿಪ್ಟೋಸ್ಪೊರಿಡಿಯಮ್ ಮಾತ್ರ ಇಷ್ಟಕ್ಕೆ ಸಿಕ್ಕಿಬೀಳುವುದು ಕಷ್ಟ. ಅದಕ್ಕೆ ಬಣ್ಣ ಹಾಕಬೇಕು. ಆಗ ಕೆಂಪು ಚುಕ್ಕೆಗಳಾಗಿ ಮುಖ ತೋರಿಸುತ್ತದೆ.

ಮಳೆ ಬಂದರೆ ಲದ್ದಿ, ಸಗಣಿ ಕೊಚ್ಚಿಕೊಂಡು ನೀರು ಸೇರುತ್ತವೆ. ಹೊಳೆನರಸೀಪುರದ ಹೇಮಾವತಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿ, ಚನ್ನರಾಯಪಟ್ಟಣದ ಅಮಾನಿಕೆರೆ, ಯಾವುದೇ ಆಗಲಿ, ನೀರಿಗೆ ಭೇದಭಾವವಿಲ್ಲ. ನಲ್ಲಿನೀರಿಗೆ ಹಾಕುವ ಕ್ಲೋರಿನ್‌ಗೆ ಕ್ರಿಪ್ಟೋಸ್ಪೊರಿಡಿಯಮ್‌ನ ಚಿಪ್ಪು ಸುಲಭಕ್ಕೆ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಲ್ಲಿನೀರು ಕುಡಿದೇ ಸುಮಾರು 4 ಲಕ್ಷ ಜನ ಹಾಸಿಗೆ ಹಿಡಿದರು. ಕುದಿಸಿದರೆ ಮಾತ್ರ ಅದರ ಆಟ ನಡೆಯದು.

ಶಾಲೆಯಲ್ಲಿ ಕೊಡುತ್ತಾರಲ್ಲ, ಚಪ್ಪರಿಸಿ ತಿನ್ನುವ ಜಂತುಹುಳು ಮಾತ್ರೆ, ಆಲ್ಬೆಂಡಜೋಲ್? ಹುಳುಗಳಿಗೆ ಅದು ಒಳ್ಳೆಯ ಮದ್ದು, ಆದರೆ ಕ್ರಿಪ್ಟೋಸ್ಪೊರಿಡಿಯಮ್ ಹುಳುವೇ ಅಲ್ಲ, ಒಂದೇ ಕೋಶದ ಜೀವಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೂ ಅದು ಸಾಯುವುದಿಲ್ಲ. ಸೋಪು ಕೂಡ ಅದನ್ನು ಕೊಲ್ಲುವುದಿಲ್ಲ. ಉಗುರ ಸಂದಿಯವರೆಗೂ ಉಜ್ಜಿ ತೊಳೆದರೆ ನೀರಿನ ಜೊತೆ ಜಾರಿ ಹೋಗುತ್ತದೆ, ಅಷ್ಟೆ.